ಮೆಟ್ಟಿಲುಗದ್ದೆಯ ಅಕ್ಕಿ ಮತ್ತು ಗೋಡೆಯ ಸವಕಳಿ: ಇಫುಗಾವೊ ಬೇಸಾಯದಿಂದ ಒಂದು ವ್ಯಾಪಾರ ಪಾಠ

ಪ್ರತಿಯೊಂದು ಉತ್ಪಾದನಾ ಘಟಕದ ಲೆಕ್ಕಪುಸ್ತಕದಲ್ಲಿಯೂ ಸವಕಳಿ ಎಂಬ ಒಂದು ಬಾಬ್ತು ಇರುತ್ತದೆ. ಯಂತ್ರವು ದಿನದಿನಕ್ಕೆ ಸವೆಯುತ್ತದೆ. ಆ ಸವಕಳಿಯ ಅಂಶವನ್ನು ಸರಕಿನ ಬೆಲೆಯಲ್ಲಿ ಸೇರಿಸದ ಉದ್ಯಮಿಯು ಲಾಭವೆಂದು ಭಾವಿಸಿ ವಾಸ್ತವವಾಗಿ ಬಂಡವಾಳವನ್ನೇ ಖರ್ಚು ಮಾಡುತ್ತಿರುತ್ತಾನೆ. ಯಂತ್ರ ನಿಂತುಹೋದ ದಿನ ಹೊಸದನ್ನು ಕೊಳ್ಳಲು ಅವನ ಬಳಿ ಹಣವಿರುವುದಿಲ್ಲ. ಈ ತತ್ತ್ವ ಕಾರ್ಖಾನೆಗೆ ಮಾತ್ರ ಅನ್ವಯಿಸುವುದೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಬೆಟ್ಟದ ಇಳಿಜಾರಿನಲ್ಲಿ ಕಲ್ಲುಗೋಡೆ ಕಟ್ಟಿ, ಮಣ್ಣು ತುಂಬಿ, ನೀರು ನಿಲ್ಲಿಸಿ ಭತ್ತ ಬೆಳೆಯುವ ಬೇಸಾಯದಲ್ಲಿ ಇದೇ ತತ್ತ್ವವು ಇನ್ನೂ ಸ್ಪಷ್ಟವಾಗಿ ಕಾಣಿಸುತ್ತದೆ. ಅಲ್ಲಿ ಗೋಡೆಯೇ ಯಂತ್ರ. ಅಕ್ಕಿ ಅದರ ಉತ್ಪನ್ನ.

ಫಿಲಿಪ್ಪೀನ್ಸ್ ದೇಶದ ಇಫುಗಾವೊ ಪ್ರಾಂತ್ಯದ ಮೆಟ್ಟಿಲುಗದ್ದೆಗಳು ಜಗತ್ಪ್ರಸಿದ್ಧವಾಗಿವೆ. ಅವುಗಳ ಸೌಂದರ್ಯವನ್ನು ವರ್ಣಿಸಿದ ಬರಹಗಳು ಬಹಳ. ಅಲ್ಲಿ ಭತ್ತ ಹೇಗೆ ಬೆಳೆಯುತ್ತದೆ, ಹೇಗೆ ಕೊಯ್ಲಾಗುತ್ತದೆ, ಅದರ ನಿಜವಾದ ವೆಚ್ಚವೇನು, ಮಾರುಕಟ್ಟೆಗೆ ತರಲು ಹೊರಟಾಗ ಯಾವ ತೊಡಕುಗಳು ಎದುರಾಗುತ್ತವೆ ಎಂಬುದನ್ನು ವರ್ತಕರ ದೃಷ್ಟಿಯಿಂದ ಪರಿಶೀಲಿಸುವುದು ಈ ಪಾಠದ ಉದ್ದೇಶ.

ನೆಲ ಮತ್ತು ಹಿನ್ನೆಲೆ

ಫಿಲಿಪ್ಪೀನ್ಸಿನ ಅತಿ ದೊಡ್ಡ ದ್ವೀಪವಾದ ಲುಜಾನ್‌ನ ಉತ್ತರ ಭಾಗದಲ್ಲಿ ಕೊರ್ಡಿಲ್ಯೆರಾ ಪರ್ವತಶ್ರೇಣಿ ಹಬ್ಬಿದೆ. ರಾಜಧಾನಿ ಮನಿಲಾದಿಂದ ಉತ್ತರಕ್ಕೆ ಸುಮಾರು 350 ಕಿಲೋಮೀಟರ್ ದೂರದಲ್ಲಿ ಇಫುಗಾವೊ ಪ್ರಾಂತ್ಯದ ಬನಾವೆ ಪಟ್ಟಣವಿದೆ. ಸಮುದ್ರಮಟ್ಟದಿಂದ ಸುಮಾರು 700 ರಿಂದ 1,500 ಮೀಟರ್ ಎತ್ತರದವರೆಗೆ ಬೆಟ್ಟಗಳ ಮೈಮೇಲೆ ಗದ್ದೆಗಳು ಒಂದರ ಮೇಲೊಂದು ಮೆಟ್ಟಿಲುಗಳಂತೆ ಏರಿಹೋಗಿವೆ. 1995ರಲ್ಲಿ ಯುನೆಸ್ಕೊ ಸಂಸ್ಥೆಯು ಇಲ್ಲಿಯ ಐದು ಗದ್ದೆಸಮೂಹಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬನಾವೆಯ ಬತಾದ್ ಮತ್ತು ಬಂಗಾಅನ್, ಮಯೊಯಾವೊ, ಹುಂಗ್ದುಆನ್ ಹಾಗೂ ಕಿಯಾಂಗನ್‌ನ ನಗಕದಾನ್ ಇವೇ ಆ ಐದು.

ಈ ಗದ್ದೆಗಳು ಎರಡು ಸಾವಿರ ವರ್ಷ ಹಳೆಯವು ಎಂಬ ಮಾತು ಬಹುಕಾಲದಿಂದ ಪ್ರಚಾರದಲ್ಲಿದೆ. ಆದರೆ ಪುರಾತತ್ತ್ವಜ್ಞ ಸ್ಟೀಫನ್ ಅಕಬಾದೊ ಮತ್ತು ಅವರ ಸಹೋದ್ಯೋಗಿಗಳು ಇಂಗಾಲದ ಕಾಲಮಾಪನ ವಿಧಾನದಿಂದ ನಡೆಸಿದ ಸಂಶೋಧನೆ ಬೇರೆಯದೇ ತೀರ್ಮಾನಕ್ಕೆ ಬಂದಿದೆ. ಮೊದಲಿಗೆ ಇಲ್ಲಿ ಕೆಸುವಿನ ಗೆಡ್ಡೆಯನ್ನು ಬೆಳೆಯಲಾಗುತ್ತಿತ್ತು. ನೀರುಭತ್ತದ ವಿಸ್ತಾರವಾದ ಬೇಸಾಯವು ಸ್ಪೇನ್ ದೇಶದವರು ಲುಜಾನ್‌ಗೆ ಬಂದ ನಂತರ, ಅಂದರೆ ಸುಮಾರು 400 ವರ್ಷಗಳಿಂದೀಚೆಗೆ, ಬಯಲುಸೀಮೆಯ ಜನರು ಬೆಟ್ಟವನ್ನು ಆಶ್ರಯಿಸಿದ ಕಾಲದಲ್ಲಿ ವೇಗವಾಗಿ ಬೆಳೆಯಿತು ಎಂಬುದು ಆ ತೀರ್ಮಾನ. ಇದರಿಂದ ಈ ಜನರ ಸಾಧನೆ ಕಿರಿದಾಗುವುದಿಲ್ಲ. ಪರ್ವತದ ರೂಪವನ್ನೇ ಬದಲಿಸುವಂಥ ಬಂಡವಾಳವನ್ನು ಕೆಲವೇ ತಲೆಮಾರುಗಳ ಸಂಘಟಿತ ದುಡಿಮೆಯಿಂದ ನಿರ್ಮಿಸಬಹುದು ಎಂಬ ಮಾತು ಉದ್ಯಮಿಗೆ ಹೆಚ್ಚು ಉಪಯುಕ್ತವಾದುದು.

ಕಾಡು, ನೀರು, ಗೋಡೆ

ಇಫುಗಾವೊ ಗದ್ದೆಯು ಗದ್ದೆಯಿಂದ ಆರಂಭವಾಗುವುದಿಲ್ಲ, ಅದರ ಮೇಲಿರುವ ಕಾಡಿನಿಂದ ಆರಂಭವಾಗುತ್ತದೆ. ಬೆಟ್ಟದ ನೆತ್ತಿಯ ಭಾಗದಲ್ಲಿ ‘ಮುಯೊಂಗ್’ ಎಂಬ ಹೆಸರಿನ ಖಾಸಗಿ ಕಾಡುಗಳಿವೆ. ಇವು ಕುಟುಂಬಗಳ ಅಥವಾ ಬಂಧುಬಳಗದ ಸ್ವತ್ತು. ತಲೆಮಾರಿನಿಂದ ತಲೆಮಾರಿಗೆ ಬರುತ್ತವೆ. ಮನೆಗೆ ಬೇಕಾದ ಮರ, ಉರುವಲು, ಹಣ್ಣು, ಔಷಧಿ, ಬೆತ್ತ ಇವು ಅಲ್ಲಿಂದಲೇ ದೊರೆಯುತ್ತವೆ. ಅದಕ್ಕಿಂತ ಮುಖ್ಯವಾಗಿ, ಬಿದ್ದ ಮಳೆಯ ನೀರನ್ನು ಹೀರಿ ಹಿಡಿದು ನಿಧಾನವಾಗಿ ಕೆಳಗಿನ ಗದ್ದೆಗಳಿಗೆ ಬಿಡುವ ಕೆಲಸವನ್ನು ಈ ಕಾಡು ಮಾಡುತ್ತದೆ.

ಊಟೆಗಳಿಂದಲೂ ತೊರೆಗಳಿಂದಲೂ ಬರುವ ನೀರನ್ನು ಬೆಟ್ಟದ ಅಂಚಿನಲ್ಲಿ ಕಡಿದ ಕಾಲುವೆಗಳ ಮೂಲಕವೂ ಬಿದಿರಿನ ದೋಣಿಗಳ ಮೂಲಕವೂ ಮೇಲಿನ ಗದ್ದೆಗೆ ಹಾಯಿಸಲಾಗುತ್ತದೆ. ಅಲ್ಲಿ ತುಂಬಿದ ನೀರು ಬದುವಿನಲ್ಲಿ ಬಿಟ್ಟ ಕಂಡಿಯ ಮೂಲಕ ಕೆಳಗಿನ ಗದ್ದೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ ಇಳಿಯುತ್ತದೆ. ಕೊನೆಗೆ ಕಣಿವೆಯ ಹೊಳೆಯನ್ನು ಸೇರುತ್ತದೆ. ಹೀಗಾಗಿ ಮೇಲಿನ ಗದ್ದೆಯವನು ಬದುವನ್ನು ಅಲಕ್ಷಿಸಿದರೆ ಕೆಳಗಿನವನ ಬೆಳೆ ಕೆಡುತ್ತದೆ. ಕೆಳಗಿನ ಗೋಡೆ ಕುಸಿದರೆ ಅದರ ಆಧಾರದ ಮೇಲೆ ನಿಂತ ಮೇಲಿನ ಗೋಡೆಗೂ ಅಪಾಯ ತಪ್ಪದು. ಒಬ್ಬನ ನಷ್ಟ ಒಬ್ಬನಲ್ಲಿಯೇ ನಿಲ್ಲದ ವ್ಯವಸ್ಥೆ ಇದು.

ಗೋಡೆಗಳು ಸ್ಥಳಕ್ಕೆ ತಕ್ಕಂತೆ ಕಲ್ಲಿನವು ಅಥವಾ ಮಣ್ಣಿನವು. ಗಾರೆಯ ಬಳಕೆಯಿಲ್ಲ. ಕಲ್ಲುಗಳನ್ನು ಒಂದಕ್ಕೊಂದು ಹೊಂದಿಸಿ ಕಟ್ಟಿದ ಗೋಡೆಯ ಹಿಂದೆ ಮೊದಲು ದಪ್ಪ ಕಲ್ಲು, ಆಮೇಲೆ ಜಲ್ಲಿ, ಅದರ ಮೇಲೆ ನೀರು ಇಂಗದಂತೆ ಗಟ್ಟಿಸಿದ ಜೇಡಿಮಣ್ಣು, ಎಲ್ಲಕ್ಕೂ ಮೇಲೆ ಬೆಳೆಗೆ ಬೇಕಾದ ಸಾರವತ್ತಾದ ಮಣ್ಣು ಹೀಗೆ ಪದರಗಳಿರುತ್ತವೆ. ಕಟ್ಟಡ ಮುಗಿದ ಮೇಲೂ ಕೆಲಸ ಮುಗಿಯುವುದಿಲ್ಲ. ಗೋಡೆಯ ಸಂದಿನಲ್ಲಿ ಬೆಳೆದ ಕಳೆಯನ್ನು ಪ್ರತಿವರ್ಷ ಕೀಳಬೇಕು, ಬದುವನ್ನು ಮೆತ್ತಬೇಕು, ಕಾಲುವೆಯ ಹೂಳೆತ್ತಬೇಕು. ಗದ್ದೆಯಲ್ಲಿ ವರ್ಷವಿಡೀ ನೀರು ನಿಲ್ಲಿಸುವುದು ಇಲ್ಲಿಯ ಪದ್ಧತಿ. ಒಣಗಿದ ಗದ್ದೆಯಲ್ಲಿ ಬಿರುಕು ಬೀಳುತ್ತದೆ. ಎರೆಹುಳುಗಳು ಬದುವಿನಲ್ಲಿ ಸುರಂಗ ಕೊರೆಯುತ್ತವೆ. ಮುಂದಿನ ಮಳೆಯ ನೀರು ಅದೇ ದಾರಿಯಲ್ಲಿ ನುಗ್ಗಿ ಗೋಡೆಯನ್ನು ಒಡೆಯುತ್ತದೆ. ನಮ್ಮಲ್ಲಿ ರೈತಮಿತ್ರನೆಂದು ಹೆಸರಾದ ಎರೆಹುಳು ಅಲ್ಲಿ ಶತ್ರುವಾಗಿರುವುದಕ್ಕೆ ಇದೇ ಕಾರಣ.

ವರ್ಷಕ್ಕೊಂದು ಬೆಳೆ

ಇಫುಗಾವೊ ಜನರ ಪಾರಂಪರಿಕ ಭತ್ತಕ್ಕೆ ‘ತಿನಾವೊನ್’ ಎಂದು ಹೆಸರು. ವರ್ಷಕ್ಕೊಮ್ಮೆ ಬರುವುದು ಎಂಬುದೇ ಆ ಪದದ ಭಾವ. ಬಿಳಿ, ಕೆಂಪು, ಅಂಟಕ್ಕಿ ಎಂದು ಇದರಲ್ಲಿ ಅನೇಕ ತಳಿಗಳಿವೆ. ವರ್ಷಾಂತ್ಯದ ವೇಳೆಗೆ ಸಸಿಮಡಿಯಲ್ಲಿ ಬೀಜ ಹಾಕುತ್ತಾರೆ. ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ ನಾಟಿ. ಜೂನ್, ಜುಲೈ ತಿಂಗಳುಗಳ ಸುಮಾರಿಗೆ ಕೊಯ್ಲು. ಎತ್ತರ ಮತ್ತು ನೀರಿನ ಅನುಕೂಲಕ್ಕೆ ತಕ್ಕಂತೆ ಈ ಕಾಲವು ಊರಿನಿಂದ ಊರಿಗೆ ಸ್ವಲ್ಪ ಹಿಂದುಮುಂದಾಗುತ್ತದೆ. ತಂಪಾದ ಹವೆಯಲ್ಲಿ ಬೆಳೆ ಮಾಗಲು ಬಹಳ ಕಾಲ ಬೇಕು. ಬಯಲಿನಲ್ಲಿ ಎರಡು ಬೆಳೆ ತೆಗೆಯುವ ಅವಧಿಯಲ್ಲಿ ಇಲ್ಲಿ ಒಂದೇ ಬೆಳೆ ದೊರೆಯುತ್ತದೆ.

ಮನಿಲಾದ ದಕ್ಷಿಣಕ್ಕಿರುವ ಲೋಸ್ ಬಾನ್ಯೋಸ್‌ನಲ್ಲಿ 1960ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು 1966ರಲ್ಲಿ ಐಆರ್-8 ತಳಿಯನ್ನು ಬಿಡುಗಡೆ ಮಾಡಿತು. ಏಷ್ಯಾದ ಬಯಲುಗಳಲ್ಲಿ ಅದು ತಂದ ಬದಲಾವಣೆ ಸುಪ್ರಸಿದ್ಧ. ಅದೇ ದೇಶದ ಬೆಟ್ಟದ ನೆತ್ತಿಯಲ್ಲಿ ಮಾತ್ರ ಹಳೆಯ ತಳಿಗಳೇ ಉಳಿದವು. ಚಳಿಯನ್ನೂ ತಣ್ಣೀರನ್ನೂ ತಡೆದುಕೊಳ್ಳುವ ಶಕ್ತಿ ಅವುಗಳಿಗಿತ್ತು. ಇಳುವರಿ ಕಡಿಮೆ, ರುಚಿ ಮತ್ತು ಪರಿಮಳ ಹೆಚ್ಚು ಎಂಬುದು ಇವುಗಳ ಲಕ್ಷಣ.

ಗದ್ದೆಗಳು ಕಿರಿದಾಗಿಯೂ ಕಡಿದಾದ ಸ್ಥಳದಲ್ಲಿಯೂ ಇರುವುದರಿಂದ ಬಹುತೇಕ ಕಡೆ ಉಳುವ ಪ್ರಾಣಿಗೆ ಪ್ರವೇಶವಿಲ್ಲ. ಮರದ ಗುದ್ದಲಿಯಿಂದ ಮಣ್ಣನ್ನು ಮಗುಚಿ ಕಾಲಿನಿಂದ ತುಳಿದು ಹದಗೊಳಿಸುತ್ತಾರೆ. ಕೊಯ್ಲಿನ ನಂತರ ಉಳಿದ ಹುಲ್ಲನ್ನೂ ಕಳೆಯನ್ನೂ ಕೆಸರಿನಲ್ಲಿ ಹೂಳುತ್ತಾರೆ ಅಥವಾ ಗದ್ದೆಯ ನಡುವೆ ದಿಬ್ಬಗಳಾಗಿ ಪೇರಿಸಿ ಅದರ ಮೇಲೆ ತರಕಾರಿ ಬೆಳೆಯುತ್ತಾರೆ. ದಿಬ್ಬ ಕೊಳೆತು ಮುಂದಿನ ಬೆಳೆಗೆ ಗೊಬ್ಬರವಾಗುತ್ತದೆ. ನೀರಿನಲ್ಲಿ ಮೀನು, ಬಸವನಹುಳು ಮೊದಲಾದವು ಮನೆಯ ಊಟಕ್ಕೆ ಒದಗುತ್ತವೆ. ಹೊರಗಿನಿಂದ ಕೊಳ್ಳುವ ಸಾಮಗ್ರಿ ಅತ್ಯಲ್ಪ. ಕೈಯ ದುಡಿಮೆ ಅತ್ಯಧಿಕ.

ಕೊಯ್ಲು ಮತ್ತು ದಾಸ್ತಾನು

ಪಾರಂಪರಿಕ ಕೊಯ್ಲಿನಲ್ಲಿ ಕುಡುಗೋಲಿನಿಂದ ಬುಡಸಮೇತ ಕತ್ತರಿಸುವ ಕ್ರಮವಿಲ್ಲ. ಅಂಗೈಯಲ್ಲಿ ಅಡಗುವಂಥ ಸಣ್ಣ ಅಲಗಿನಿಂದ ಒಂದೊಂದೇ ತೆನೆಯನ್ನು ಉದ್ದವಾದ ಕಾಂಡಸಹಿತ ಕೊಯ್ಯುತ್ತಾರೆ. ಒಂದು ಹಿಡಿಯಾದೊಡನೆ ಸಿವುಡು ಕಟ್ಟುತ್ತಾರೆ. ಈ ಕೆಲಸದಲ್ಲಿ ಹೆಂಗಸರದೇ ಪ್ರಧಾನ ಪಾತ್ರ. ಗಂಡಸರು ಸಿವುಡುಗಳನ್ನು ಕಂಬಿಯ ಎರಡು ತುದಿಗೆ ಕಟ್ಟಿ ಹೆಗಲ ಮೇಲೆ ಹೊತ್ತು ಕಿರಿದಾದ ಬದುಗಳ ಮೇಲೆ ಊರಿಗೆ ಸಾಗಿಸುತ್ತಾರೆ.

ನಿಧಾನವಾದ ಈ ವಿಧಾನಕ್ಕೆ ಬಲವಾದ ಕಾರಣಗಳಿವೆ. ಒಂದೇ ಗದ್ದೆಯಲ್ಲಿ ಎಲ್ಲ ತೆನೆಗಳೂ ಒಂದೇ ದಿನ ಮಾಗುವುದಿಲ್ಲ. ತೆನೆತೆನೆಯಾಗಿ ಕೊಯ್ಯುವಾಗ ಮಾಗಿದ್ದನ್ನು ಮಾತ್ರ ಆರಿಸಬಹುದು. ಕಾಳು ಉದುರಿ ಆಗುವ ನಷ್ಟ ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ಬೀಜದ ಆಯ್ಕೆ. ಅನುಭವಿಗಳಾದ ಹೆಂಗಸರು ಸಾಮಾನ್ಯ ಕೊಯ್ಲಿಗೆ ಮುನ್ನವೇ ಗದ್ದೆಯಲ್ಲಿ ನಡೆದು, ತುಂಬಿದ, ರೋಗವಿಲ್ಲದ, ಏಕರೂಪದ ತೆನೆಗಳನ್ನು ಮುಂದಿನ ವರ್ಷದ ಬಿತ್ತನೆಗೆ ಪ್ರತ್ಯೇಕವಾಗಿ ತೆಗೆಯುತ್ತಾರೆ. ಕಾರ್ಖಾನೆಯ ಭಾಷೆಯಲ್ಲಿ ಹೇಳುವುದಾದರೆ, ಗುಣಮಟ್ಟದ ಪರೀಕ್ಷೆ ಸರಕು ತಯಾರಾದ ಮೇಲೆ ನಡೆಯುವುದಿಲ್ಲ. ಮುಂದಿನ ವರ್ಷದ ಕಚ್ಚಾ ಸಾಮಗ್ರಿಯ ಆಯ್ಕೆಯಲ್ಲಿಯೇ ನಡೆಯುತ್ತದೆ.

ಕೊಯ್ಲಿನ ವೇಳೆ ಹೆಂಗಸರು ‘ಹುದ್‌ಹುದ್’ ಎಂಬ ದೀರ್ಘವಾದ ಕಥನಗೀತಗಳನ್ನು ಹಾಡುತ್ತಾರೆ. ಒಬ್ಬಾಕೆ ಮುಂದಾಳಾಗಿ ಹಾಡಿದರೆ ಉಳಿದವರು ದನಿಗೂಡಿಸುತ್ತಾರೆ. ಯುನೆಸ್ಕೊ ಈ ಪರಂಪರೆಯನ್ನು 2001ರಲ್ಲಿ ಶ್ರೇಷ್ಠ ಮೌಖಿಕ ಪರಂಪರೆಯೆಂದು ಘೋಷಿಸಿ 2008ರಲ್ಲಿ ತನ್ನ ಪ್ರಾತಿನಿಧಿಕ ಪಟ್ಟಿಯಲ್ಲಿ ಸೇರಿಸಿತು. ಹುಂಗ್ದುಆನ್‌ನ ಹಪಾವೊ ಪ್ರದೇಶದಲ್ಲಿ ಕೊಯ್ಲು ಮುಗಿದ ಮೇಲೆ ಹೊಳೆಯಲ್ಲಿ ನಿಂತು ಊರುಗಳ ಜನರು ಎಳೆದಾಡುವ ‘ಪುನ್ನುಕ್’ ಎಂಬ ಆಚರಣೆಯಿದೆ. ಅದೂ 2015ರಲ್ಲಿ ಯುನೆಸ್ಕೊ ಪಟ್ಟಿಯನ್ನು ಸೇರಿತು.

ಒಣಗಿಸಿದ ಸಿವುಡುಗಳನ್ನು ತೆನೆಸಹಿತವಾಗಿಯೇ ಕಣಜದಲ್ಲಿ ಜೋಡಿಸುತ್ತಾರೆ. ಕಣಜವು ಕಂಬಗಳ ಮೇಲೆ ನಿಂತಿರುತ್ತದೆ; ಇಲಿಗಳು ಹತ್ತದಂತೆ ಪ್ರತಿ ಕಂಬಕ್ಕೂ ಮರದ ದುಂಡನೆಯ ಬಿಲ್ಲೆಯನ್ನು ತೊಡಿಸಿರುತ್ತಾರೆ. ಕಣಜದ ಕಾವಲಿಗೆ ‘ಬುಲುಲ್’ ಎಂಬ ಮರದ ವಿಗ್ರಹಗಳನ್ನು ಇರಿಸುವುದು ಸಂಪ್ರದಾಯ. ಮನೆಗೆ ಬೇಕಾದಷ್ಟನ್ನು ಮಾತ್ರ ಆಗಾಗ ತೆಗೆದು ಒರಳಿನಲ್ಲಿ ಹಾಕಿ ಒನಕೆಯಿಂದ ಕುಟ್ಟುತ್ತಾರೆ. ಅಕ್ಕಿಯಾಗಿ ದಾಸ್ತಾನು ಮಾಡದೆ ತೆನೆಯಾಗಿ ದಾಸ್ತಾನು ಮಾಡುವುದರಿಂದ ಹುಳದ ಕಾಟ ಕಡಿಮೆ, ಬೀಜದ ಗುರುತೂ ಕೆಡುವುದಿಲ್ಲ.

ದುಡಿಮೆಯ ವ್ಯವಸ್ಥೆ

ಇಷ್ಟೊಂದು ದುಡಿಮೆಯನ್ನು ಒಂದೊಂದೇ ಕುಟುಂಬ ಒದಗಿಸುವುದು ಅಸಾಧ್ಯ. ಅದಕ್ಕಾಗಿ ‘ಉಬ್ಬು’ ಎಂಬ ಪದ್ಧತಿಯಿದೆ. ಇಂದು ಒಬ್ಬನ ಗದ್ದೆಯಲ್ಲಿ ಎಲ್ಲರೂ ದುಡಿದರೆ ನಾಳೆ ಅವನು ಇತರರ ಗದ್ದೆಯಲ್ಲಿ ದುಡಿದು ಆ ಋಣ ತೀರಿಸಬೇಕು. ನಮ್ಮ ನಾಡಿನ ಮುಯ್ಯಾಳಿನ ಪದ್ಧತಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಗದು ಇಲ್ಲದೆ ದುಡಿಮೆಯನ್ನೇ ಸಾಲ ಕೊಟ್ಟು ದುಡಿಮೆಯನ್ನೇ ಮರಳಿ ಪಡೆಯುವ ಏರ್ಪಾಡು ಇದು.

ಯಾವಾಗ ಬಿತ್ತಬೇಕು, ಯಾವಾಗ ನಾಟಿ, ಯಾವಾಗ ಕೊಯ್ಲು ಎಂಬುದನ್ನು ‘ತುಮೊನಕ್’ ಎಂಬ ಕೃಷಿ ಮುಖ್ಯಸ್ಥನ ಮನೆ ನಿರ್ಧರಿಸುತ್ತದೆ. ಆ ಮನೆಯ ಗದ್ದೆಯಲ್ಲಿ ಮೊದಲು ಕೆಲಸ ಆರಂಭವಾಗಬೇಕು, ಉಳಿದವರು ಅನುಸರಿಸಬೇಕು. ಕೆಲವು ದಿನಗಳಲ್ಲಿ ಯಾರೂ ಗದ್ದೆಗೆ ಇಳಿಯಕೂಡದೆಂಬ ಕಟ್ಟಳೆಯೂ ಉಂಟು. ವಿಧಿಗಳನ್ನು ನೆರವೇರಿಸುವ ಪುರೋಹಿತನಿಗೆ ‘ಮುಂಬಾಕಿ’ ಎಂದು ಹೆಸರು. ಈ ಕಟ್ಟುಪಾಡುಗಳಿಂದ ಒಂದು ಪ್ರಾಯೋಗಿಕ ಪ್ರಯೋಜನವೂ ಇದೆ. ಇಡೀ ಕಣಿವೆಯ ಬೆಳೆ ಒಂದೇ ಕಾಲಕ್ಕೆ ಸಾಗಿದರೆ ನೀರಿನ ಹಂಚಿಕೆ ಸುಲಭವಾಗುತ್ತದೆ. ಇಲಿ, ಹಕ್ಕಿ, ಕೀಟಗಳ ಹಾವಳಿ ಒಬ್ಬನ ಗದ್ದೆಯ ಮೇಲೆಯೇ ಬೀಳದೆ ಹಂಚಿಹೋಗುತ್ತದೆ.

ಆಸ್ತಿಯ ಹಂಚಿಕೆಯಲ್ಲಿ ಹಿರಿಯ ಮಗುವಿಗೆ, ಗಂಡಾಗಲಿ ಹೆಣ್ಣಾಗಲಿ, ಗದ್ದೆಯ ಮುಖ್ಯಭಾಗ ಸಲ್ಲುವುದು ಪದ್ಧತಿ. ಕಿರಿಯರ ದೃಷ್ಟಿಯಿಂದ ಇದು ನ್ಯಾಯವಲ್ಲವೆಂದು ತೋರಬಹುದು. ಆದರೆ ಗೋಡೆ, ಕಾಲುವೆ, ಕಾಡು ಇವು ಚೂರುಚೂರಾಗದೆ ಉಳಿಯಲು ಇದು ಸಹಾಯಕವಾಯಿತು. ಅಮೆರಿಕದ ರಾಯ್ ಫ್ರಾಂಕ್ಲಿನ್ ಬಾರ್ಟನ್ 1919ರಲ್ಲಿ ಪ್ರಕಟಿಸಿದ ಇಫುಗಾವೊ ಕಾನೂನು ಕುರಿತ ಗ್ರಂಥವೂ, ಹೆರಾಲ್ಡ್ ಕಾಂಕ್ಲಿನ್ 1980ರಲ್ಲಿ ಪ್ರಕಟಿಸಿದ ಇಫುಗಾವೊ ಭೂಪಟ ಸಂಪುಟವೂ ಈ ವ್ಯವಸ್ಥೆಯ ಅಧ್ಯಯನಕ್ಕೆ ಮುಖ್ಯ ಆಧಾರಗಳಾಗಿವೆ.

ಲೆಕ್ಕಕ್ಕೆ ಬಾರದ ವೆಚ್ಚ

ಗೋಡೆಯ ಸವಕಳಿಯನ್ನು ಹಿಂದೆ ಯಾರೂ ಕಾಗದದಲ್ಲಿ ಬರೆಯಲಿಲ್ಲ. ಉಬ್ಬು ಪದ್ಧತಿ, ತುಮೊನಕ್‌ನ ಕಟ್ಟಳೆ, ಕಾಡಿನ ಒಡೆತನ ಇವೇ ಅದರ ಲೆಕ್ಕಪುಸ್ತಕವಾಗಿದ್ದವು. ವರ್ಷ ವರ್ಷವೂ ದುಡಿಮೆಯ ರೂಪದಲ್ಲಿ ಸವಕಳಿಯ ನಿಧಿಗೆ ಜಮೆಯಾಗುತ್ತಿತ್ತು. ಶಾಲೆ ಕಲಿತ ಯುವಕ ಯುವತಿಯರು ಬಗಿಯೊ, ಮನಿಲಾ ಮೊದಲಾದ ನಗರಗಳಿಗೂ ಹೊರದೇಶಗಳಿಗೂ ಹೋಗತೊಡಗಿದಾಗ ಈ ಜಮೆ ಕುಂದಿತು. ಕೂಲಿಯಾಳಿಗೆ ನಗದು ಕೊಟ್ಟು ಗೋಡೆ ಕಟ್ಟಿಸಲು ಅಕ್ಕಿಯ ಆದಾಯ ಸಾಲದಾಯಿತು.

ಇದರೊಂದಿಗೆ ಇತರ ಸಂಕಟಗಳೂ ಕೂಡಿಕೊಂಡವು. 1990ರ ಜುಲೈ 16ರಂದು ಲುಜಾನ್ ದ್ವೀಪವನ್ನು ನಡುಗಿಸಿದ ಭೂಕಂಪದಿಂದ ನೀರಾವರಿಯ ವ್ಯವಸ್ಥೆಗೆ ಧಕ್ಕೆ ತಗಲಿತು. 1980ರ ದಶಕದಲ್ಲಿ ಆಹಾರಕ್ಕೂ ವ್ಯಾಪಾರಕ್ಕೂ ಆಗುವುದೆಂದು ದಕ್ಷಿಣ ಅಮೆರಿಕದಿಂದ ಫಿಲಿಪ್ಪೀನ್ಸಿಗೆ ತಂದ ಹೊನ್ನಬಣ್ಣದ ಬಸವನಹುಳು ಗದ್ದೆಗಳಿಗೆ ನುಗ್ಗಿ ಎಳೆಯ ಸಸಿಗಳನ್ನು ತಿನ್ನುವ ಪೀಡೆಯಾಯಿತು. ಲಾಭದ ನಿರೀಕ್ಷೆಯಿಂದ ತಂದ ಸರಕೊಂದು ಮೂಲ ಉದ್ಯಮಕ್ಕೇ ಮುಳುವಾದ ಈ ಪ್ರಸಂಗ ಗಮನಾರ್ಹ. 2010ರ ಎಲ್ ನಿನೋ ಬರಗಾಲದಲ್ಲಿ ಅನೇಕ ಗದ್ದೆಗಳು ಒಣಗಿ ಬಿರುಕುಬಿಟ್ಟವು.

ಪ್ರವಾಸೋದ್ಯಮದಿಂದ ಬಂದ ಹಣ ಗದ್ದೆಯ ಗೋಡೆಗೆ ತಾನಾಗಿಯೇ ತಲುಪಲಿಲ್ಲ. ನೋಟವನ್ನು ಮಾರುವವನು ವಸತಿಗೃಹದ ಮಾಲೀಕ; ನೋಟವನ್ನು ತಯಾರಿಸುವವನು ಗದ್ದೆಯ ರೈತ. ಪ್ರವಾಸಿಗರಿಗೆಂದು ಬೆಳೆದ ಮರಗೆತ್ತನೆಯ ಕೈಗಾರಿಕೆಯು ಅನೇಕ ಕುಟುಂಬಗಳಿಗೆ ಉದ್ಯೋಗ ಕೊಟ್ಟಿತು. ಆದರೆ ಅದಕ್ಕೆ ಬೇಕಾದ ಮರ ಬಂದುದು, ಗದ್ದೆಗೆ ನೀರು ಕೊಡುವ ಕಾಡುಗಳಿಂದಲೇ. ಉಪಉದ್ಯಮವು ಮೂಲ ಉದ್ಯಮದ ಬೇರನ್ನು ಕಡಿಯುವ ಅಪಾಯ ಇಲ್ಲಿ ಸ್ಪಷ್ಟವಾಗಿದೆ.

2001ರಲ್ಲಿ ಯುನೆಸ್ಕೊ ಈ ಗದ್ದೆಗಳನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿಸಿತು. ಗೋಡೆ ಮತ್ತು ಕಾಲುವೆಗಳ ದುರಸ್ತಿ, ಸ್ಥಳೀಯ ಆಡಳಿತದ ಯೋಜನೆಗಳು, ಸಮುದಾಯ ಸಂಘಟನೆಗಳ ಶ್ರಮ ಇವುಗಳ ಫಲವಾಗಿ 2012ರಲ್ಲಿ ಆ ಪಟ್ಟಿಯಿಂದ ಹೊರಬಂದವು. ಅಪಾಯದ ಪಟ್ಟಿಯಿಂದ ಹೊರಬಂದ ಮಾತ್ರಕ್ಕೆ ಸವಕಳಿ ನಿಲ್ಲುವುದಿಲ್ಲ. ಮುಂದಿನ ವರ್ಷವೂ ಬದುವನ್ನು ಮೆತ್ತಲೇಬೇಕು.

ಮಾರುಕಟ್ಟೆಯ ಪ್ರಯತ್ನ

ಅಕ್ಕಿಗೆ ಒಳ್ಳೆಯ ಬೆಲೆ ಬಂದರೆ ರೈತನು ಗದ್ದೆಯನ್ನು ಉಳಿಸಿಕೊಳ್ಳುವನು ಎಂಬ ವಿಚಾರದಿಂದ 2000ದ ದಶಕದ ಮಧ್ಯಭಾಗದಲ್ಲಿ ಒಂದು ಪ್ರಯತ್ನ ಆರಂಭವಾಯಿತು. ಫಿಲಿಪ್ಪೀನ್ಸಿನ ವಿಕಿ ಗಾರ್ಸಿಯಾ ಸ್ಥಾಪಿಸಿದ ‘ರೈಸ್’ ಎಂಬ ಸಂಸ್ಥೆ ರೈತರನ್ನು ಸಂಘಟಿಸಿತು. ಅಮೆರಿಕದ ಮೇರಿ ಹೆನ್ಸ್‌ಲಿ ಅವರ ‘ಎಯ್ತ್ ವಂಡರ್’ ಸಂಸ್ಥೆ ಆ ಅಕ್ಕಿಯನ್ನು ತನ್ನ ದೇಶದಲ್ಲಿ ಮಾರಿತು. ಇಫುಗಾವೊದ ತಿನಾವೊನ್, ಕಲಿಂಗ ಪ್ರಾಂತ್ಯದ ಉಲಿಕನ್ ಎಂಬ ಕೆಂಪಕ್ಕಿ ಮೊದಲಾದವು ಹೀಗೆ ಹೊರದೇಶದ ಅಂಗಡಿಗಳನ್ನು ಕಂಡವು. 2014ರಲ್ಲಿ ಫಿಲಿಪ್ಪೀನ್ಸ್ ಕೃಷಿ ಇಲಾಖೆಯೂ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯೂ ಸೇರಿ ಪಾರಂಪರಿಕ ಭತ್ತದ ಯೋಜನೆಯೊಂದನ್ನು ಕೈಗೊಂಡವು.

ಈ ಹಾದಿಯ ತೊಡಕುಗಳು ಸಾಮಾನ್ಯ ವರ್ತಕನಿಗೆ ಪರಿಚಿತವಾದವುಗಳೇ. ಮನೆಮನೆಯ ಬೀಜ ಬೇರೆ. ಒಂದೇ ಹೆಸರಿನ ಅಕ್ಕಿಯಲ್ಲಿ ಬಣ್ಣ, ಗಾತ್ರ ಬೇರೆ. ಒನಕೆಯಲ್ಲಿ ಕುಟ್ಟಿದ ಅಕ್ಕಿಯಲ್ಲಿ ನುಚ್ಚು ಹೆಚ್ಚು. ದೂರದ ಗದ್ದೆಯಿಂದ ರಸ್ತೆಯವರೆಗೆ ಹೊರೆಯನ್ನು ಮನುಷ್ಯರೇ ಹೊರಬೇಕು. ಇನ್ನೂ ಗಂಭೀರವಾದ ಸಂಗತಿಯೆಂದರೆ, ಬಹಳಷ್ಟು ಮನೆಗಳಿಗೆ ತಮ್ಮ ಗದ್ದೆಯ ಅಕ್ಕಿ ವರ್ಷಪೂರ್ತಿ ಊಟಕ್ಕೇ ಸಾಲುವುದಿಲ್ಲ. ವರ್ಷವಿಡೀ ಸ್ವಂತ ಅಕ್ಕಿ ಉಣ್ಣುವವರು ‘ಕದಂಗ್ಯನ್’ ಎಂಬ ಸಿರಿವಂತ ವರ್ಗದವರು ಎಂದು ಅಲ್ಲಿ ಹಿಂದಿನಿಂದಲೂ ಎಣಿಕೆ. ಹೀಗಿರುವಾಗ ಒಳ್ಳೆಯ ಅಕ್ಕಿಯನ್ನು ಮಾರಿ ಅಗ್ಗದ ಅಕ್ಕಿಯನ್ನು ಕೊಂಡು ಉಣ್ಣುವ ಸ್ಥಿತಿ ರೈತನಿಗೆ ಬಂದರೆ ಅದು ಯಾರ ಲಾಭ ಎಂಬ ಪ್ರಶ್ನೆ ಏಳುತ್ತದೆ.

ಅಗ್ಗದ ಅಕ್ಕಿಗೆ ಕೊರತೆಯಿಲ್ಲ. ಫಿಲಿಪ್ಪೀನ್ಸ್ ಜಗತ್ತಿನ ದೊಡ್ಡ ಅಕ್ಕಿ ಆಮದುದಾರ ದೇಶಗಳಲ್ಲಿ ಒಂದು. 2019ರ ಕಾಯಿದೆಯ ಮೂಲಕ ಆಮದಿನ ಪ್ರಮಾಣದ ಮೇಲಿದ್ದ ಮಿತಿಯನ್ನು ತೆಗೆದು ಸುಂಕ ವಿಧಿಸುವ ಪದ್ಧತಿ ಜಾರಿಗೆ ಬಂದಿತು; ಆಗ್ನೇಯ ಏಷ್ಯಾದ ದೇಶಗಳ ಅಕ್ಕಿಗೆ ಶೇ. 35ರಷ್ಟಿದ್ದ ಸುಂಕವನ್ನು 2024ರಲ್ಲಿ ಶೇ. 15ಕ್ಕೆ ಇಳಿಸಲಾಯಿತು. ಬಯಲಿನ ಅಕ್ಕಿಯೊಡನೆ ಬೆಲೆಯಲ್ಲಿ ಪೈಪೋಟಿ ನಡೆಸುವುದು ಬೆಟ್ಟದ ಅಕ್ಕಿಗೆ ಸಾಧ್ಯವೇ ಇಲ್ಲ. ಗುಣ, ಹೆಸರು, ನಂಬಿಕೆ ಇವುಗಳಿಂದ ಮಾತ್ರ ಅದು ನಿಲ್ಲಬಲ್ಲುದು.

ಲೆಕ್ಕದ ಒಂದು ಉದಾಹರಣೆ

ಕೆಳಗಿನ ಅಂಕಿಗಳು ಪಾಠಕ್ಕಾಗಿ ಊಹಿಸಿಕೊಂಡವು. ಯಾವುದೇ ಸಂಸ್ಥೆಯ ಲೆಕ್ಕವಲ್ಲ. ಒಬ್ಬ ವರ್ತಕನು 10 ಟನ್ ಅಕ್ಕಿಯನ್ನು ಕಳುಹಿಸಲು ಒಪ್ಪಿಕೊಂಡಿದ್ದಾನೆ ಎನ್ನೋಣ. ಪ್ರತಿ ಮನೆಯವರೂ ತಮ್ಮ ಊಟ ಮತ್ತು ಬೀಜಕ್ಕೆ ಉಳಿಸಿಕೊಂಡು 1 ಕ್ವಿಂಟಲ್ ಭತ್ತ ಮಾರಬಲ್ಲರು ಎನ್ನೋಣ.

ಭತ್ತದಿಂದ ಮಾರಲು ಯೋಗ್ಯವಾದ ಅಕ್ಕಿ ಶೇ. 50ರಷ್ಟು ದೊರೆಯುವುದಾದರೆ 200 ಕ್ವಿಂಟಲ್ ಭತ್ತ, ಅಂದರೆ 200 ಮನೆಗಳು ಬೇಕು. ಗಿರಣಿಯನ್ನು ಸುಧಾರಿಸಿ ಶೇ. 60ರಷ್ಟು ದೊರೆಯುವಂತೆ ಮಾಡಿದರೆ ಸುಮಾರು 167 ಕ್ವಿಂಟಲ್ ಸಾಕು. ಉಳಿದ 33 ಕ್ವಿಂಟಲ್ ಭತ್ತಕ್ಕೆ ಕೊಡಬೇಕಾಗಿದ್ದ ಹಣವೇ ಬೆಲೆ ಹೆಚ್ಚಿಸಲು ದೊರೆಯುವ ಅವಕಾಶ. ಗಿರಾಕಿಯ ಮೇಲೆ ಹೊರೆ ಹಾಕದೆ ರೈತನಿಗೆ ಹೆಚ್ಚು ಕೊಡುವ ಮಾರ್ಗ ಮೊದಲು ಗಿರಣಿಯಲ್ಲಿದೆ ಎಂಬುದು ಇದರಿಂದ ತಿಳಿಯುತ್ತದೆ.

ತೇವಾಂಶದ ಲೆಕ್ಕವನ್ನೂ ನೋಡಬಹುದು. ಶೇ. 20ರಷ್ಟು ತೇವವಿರುವ 100 ಕಿಲೋ ಭತ್ತದಲ್ಲಿ ಒಣ ಅಂಶ 80 ಕಿಲೋ. ಅದನ್ನು ಶೇ. 14ಕ್ಕೆ ಒಣಗಿಸಿದಾಗ ತೂಕ ಸುಮಾರು 93 ಕಿಲೋಗೆ ಇಳಿಯುತ್ತದೆ. ಈ 7 ಕಿಲೋ ನಷ್ಟವನ್ನು ಯಾರು ಹೊರಬೇಕು ಎಂಬುದನ್ನು ಖರೀದಿಗೆ ಮೊದಲೇ ಹೇಳದಿದ್ದರೆ, ರೈತನಿಗೆ ವರ್ತಕನು ಮೋಸಗಾರನಾಗಿಯೂ ವರ್ತಕನಿಗೆ ರೈತನು ಮೋಸಗಾರನಾಗಿಯೂ ಕಾಣುತ್ತಾರೆ. ಇಬ್ಬರೂ ಪ್ರಾಮಾಣಿಕರಾಗಿದ್ದರೂ ವ್ಯವಹಾರ ಮುರಿಯುತ್ತದೆ.

ಇನ್ನು ಕೊನೆಯ ಬಾಬ್ತು. ಒಂದು ಮನೆಯ ಗೋಡೆ, ಬದು, ಕಾಲುವೆಗಳ ದುರಸ್ತಿಗೆ ವರ್ಷಕ್ಕೆ 20 ಆಳಿನ ಕೆಲಸ ಬೇಕು, ಆ ಮನೆಯ ಒಟ್ಟು ಬೆಳೆ 5 ಕ್ವಿಂಟಲ್ ಎನ್ನೋಣ. ಆಗ ಪ್ರತಿ ಕ್ವಿಂಟಲಿನ ಮೇಲೆ 4 ಆಳಿನ ಕೂಲಿ ಸವಕಳಿಯಾಗಿ ಬೀಳುತ್ತದೆ. ಖರೀದಿಯ ಬೆಲೆಯಲ್ಲಿ ಈ ನಾಲ್ಕು ಆಳಿನ ಕೂಲಿ ಸೇರದಿದ್ದರೆ, ಬೆಲೆ ಎಷ್ಟೇ ಆಕರ್ಷಕವಾಗಿ ಕಂಡರೂ, ವರ್ತಕನು ಅಕ್ಕಿಯ ಜೊತೆಗೆ ಗೋಡೆಯ ಒಂದು ಭಾಗವನ್ನೂ ಪುಕ್ಕಟೆಯಾಗಿ ಒಯ್ದಂತಾಗುತ್ತದೆ.

ನಮ್ಮ ನಾಡಿಗೆ ಅನ್ವಯ

ಮಲೆನಾಡು ಮತ್ತು ಕೊಡಗಿನ ಕಣಿವೆಗಳಲ್ಲಿಯೂ ಇಳಿಜಾರಿಗೆ ತಕ್ಕಂತೆ ಹಂತಹಂತವಾಗಿ ಮಾಡಿದ ಗದ್ದೆಗಳಿವೆ. ಇಫುಗಾವೊದ ಎತ್ತರದ ಕಲ್ಲುಗೋಡೆಗಳು ಇಲ್ಲಿಲ್ಲ. ಆದರೆ ಮೇಲಿನ ಕಾಡು, ಕೆಳಗಿನ ಬೆಳೆ ಎಂಬ ಸಂಬಂಧ ಒಂದೇ. ಉತ್ತರ ಕನ್ನಡ ಮತ್ತು ಶಿವಮೊಗ್ಗ ಜಿಲ್ಲೆಗಳ ಅಡಿಕೆ ತೋಟಗಳಿಗೆ ಹೊಂದಿಕೊಂಡ ಸೊಪ್ಪಿನಬೆಟ್ಟಗಳು ತೋಟದ ಗೊಬ್ಬರಕ್ಕೆ ಆಧಾರ. ಬೆಟ್ಟ ಬೋಳಾದರೆ ತೋಟದ ಲೆಕ್ಕವೂ ಏರುಪೇರಾಗುತ್ತದೆ ಎಂಬುದನ್ನು ಅಲ್ಲಿಯ ಬೆಳೆಗಾರರು ಬಲ್ಲರು. ಆಳಿನ ಅಭಾವದಿಂದ ಭತ್ತದ ಗದ್ದೆಗಳು ಪಾಳು ಬೀಳುವ ಸಮಸ್ಯೆಯೂ ಈ ಭಾಗಗಳಿಗೆ ಹೊಸದಲ್ಲ.

ನಮ್ಮ ದೇಶದ ಭೌಗೋಳಿಕ ಸೂಚಕಗಳ ಕಾಯಿದೆ 1999ರಲ್ಲಿ ರಚಿತವಾಗಿ 2003ರ ಸೆಪ್ಟೆಂಬರ್ 15ರಿಂದ ಜಾರಿಗೆ ಬಂದಿದೆ. ಊರಿನ ಹೆಸರಿಗೆ ಕಾನೂನಿನ ರಕ್ಷಣೆ ದೊರೆಯುವುದು ವರ್ತಕರಿಗೂ ಬೆಳೆಗಾರರಿಗೂ ಹಿತಕರ. ಆದರೆ ಹೆಸರು ತಾನಾಗಿ ಬೆಳೆ ಕೊಡುವುದಿಲ್ಲ. ನಂಜನಗೂಡಿನ ರಸಬಾಳೆಗೆ ಆ ಮಾನ್ಯತೆ ದೊರೆತಿದ್ದರೂ ಸೊರಗು ರೋಗದಿಂದ ಅದರ ಬೆಳೆ ಬಹಳವಾಗಿ ಕುಗ್ಗಿತು ಎಂಬುದು ತಿಳಿದ ವಿಷಯ. ಹೆಸರನ್ನು ಕಾಯುವುದರ ಜೊತೆಗೆ ಆ ಹೆಸರಿಗೆ ಆಧಾರವಾದ ಗಿಡ, ಮಣ್ಣು, ನೀರು, ಕೈಗಳನ್ನೂ ಕಾಯಬೇಕು.

ಪಾಠದ ಸಾರ

1. ಬೆಲೆ ಕಟ್ಟುವಾಗ ಸರಕಿನ ವೆಚ್ಚದ ಜೊತೆಗೆ ಸರಕನ್ನು ಕೊಡುವ ಆಧಾರದ ಸವಕಳಿಯನ್ನೂ ಸೇರಿಸಬೇಕು. ಬೆಟ್ಟದ ಗದ್ದೆಗೆ ಗೋಡೆ ಹೇಗೋ, ಕೈಮಗ್ಗಕ್ಕೆ ನೇಕಾರನ ಕೈಯೂ ಹಾಗೆಯೇ.

2. ಚಿಕ್ಕ ಉತ್ಪಾದಕರಿಂದ ಸಂಗ್ರಹಿಸುವ ವ್ಯಾಪಾರದಲ್ಲಿ ಮೊದಲ ಹೂಡಿಕೆ ಬೀಜದ ಶುದ್ಧತೆ, ಒಣಗಿಸುವಿಕೆ, ಗಿರಣಿ ಇವುಗಳ ಮೇಲಿರಬೇಕು. ಚೀಲದ ಮೇಲಿನ ಚಿತ್ರಕ್ಕೆ ಆಮೇಲೆ ಖರ್ಚು ಮಾಡಬಹುದು.

3. ತೂಕ, ತೇವ, ನುಚ್ಚು ಇವುಗಳ ನಿಯಮಗಳನ್ನು ಖರೀದಿಗೆ ಮುನ್ನವೇ ಎಲ್ಲರಿಗೂ ತಿಳಿಯುವಂತೆ ಹೇಳಬೇಕು.

4. ಉತ್ಪಾದಕನ ಮನೆಯ ಊಟ ಮತ್ತು ಬೀಜವನ್ನು ಬಿಟ್ಟು ಉಳಿದುದನ್ನು ಮಾತ್ರ ಕೊಳ್ಳಬೇಕು. ಬೀಜವನ್ನೂ ಮಾರಿಸಿಕೊಂಡ ವರ್ತಕನಿಗೆ ಮುಂದಿನ ವರ್ಷ ಸರಕು ಇರುವುದಿಲ್ಲ.

5. ಉಪಉದ್ಯಮವು ಮೂಲ ಉದ್ಯಮದ ಕಚ್ಚಾ ಸಾಮಗ್ರಿಯನ್ನು ಕಬಳಿಸುತ್ತಿದೆಯೇ ಎಂಬುದನ್ನು ಆಗಾಗ ಪರಿಶೀಲಿಸಬೇಕು.

ಅಭ್ಯಾಸಕ್ಕಾಗಿ, ಪ್ರತಿಯೊಬ್ಬ ಉದ್ಯಮಿಯೂ ತನಗೆ ಸರಕು ಒದಗಿಸುವ ಅತ್ಯಂತ ಚಿಕ್ಕ ಉತ್ಪಾದಕನೊಬ್ಬನನ್ನು ಆರಿಸಿಕೊಂಡು ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಬಹುದು. ಅವನ ‘ಗೋಡೆ’ ಯಾವುದು? ಅದರ ದುರಸ್ತಿಗೆ ವರ್ಷಕ್ಕೆ ಎಷ್ಟು ದಿನದ ದುಡಿಮೆ ಬೇಕು? ಈಗ ಕೊಡುತ್ತಿರುವ ಬೆಲೆಯಲ್ಲಿ ಆ ದುಡಿಮೆಯ ಕೂಲಿ ಸೇರಿದೆಯೇ? ಮೂರನೆಯ ಪ್ರಶ್ನೆಗೆ ಇಲ್ಲವೆಂಬ ಉತ್ತರ ಬಂದರೆ, ಆ ಸರಕು ಇನ್ನೆಷ್ಟು ವರ್ಷ ದೊರೆಯುವುದೆಂಬ ಲೆಕ್ಕವನ್ನು ಇಂದೇ ಹಾಕಿಕೊಳ್ಳುವುದು ಒಳಿತು.